ಕರೆಂಟ್ ಹೋಗಿದೆ ಅಂತ ಮೋಟಾರ್‌ಗೆ ಕೈ ಹಾಕಬೇಡಿ

ಸಿಂಧನೂರು, ಕಾರಟಗಿ ಕಡೆ ಪಂಪ್‌ಸೆಟ್ ಇರುವವರಿಗೆ ಒಂದು ಮಾತು. ಕರೆಂಟ್ ಇಲ್ಲ ಅಂತ ಸುಮ್ನೆ ಮೋಟಾರ್ ಬಿಚ್ಚಲು ಕೂರಬೇಡಿ. ಆಟೋ ಸ್ಟಾರ್ಟರ್ ಇದ್ದರೆ ಕರೆಂಟ್ ಬಂದ ಸ್ವಲ್ಪ ಹೊತ್ತಿಗೆ ಮೋಟಾರ್ ತಾನಾಗಿಯೇ ತಿರುಗುತ್ತದೆ. ಮೋಟಾರ್‌ಗೂ ಪಂಪ್‌ಗೂ ಜೋಡಿಸುವ ಕಪ್ಲಿಂಗ್ ಹತ್ತಿರ ಬೆರಳಿದ್ದರೆ ಮುಗೀತು.

ಮೊದಲು ಆಟೋ ಬಂದ್ ಮಾಡಿ. ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸ್ ಕಿತ್ತು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಬೋರ್ಡ್ ಮೇಲೆ ಬಿಟ್ಟರೆ ನೀರು ಹಾಯಿಸಲು ಬಂದ ಇನ್ನೊಬ್ಬರು ಹಾಕಿಬಿಡುತ್ತಾರೆ, ಅಲ್ವಾ? ರೈಸ್ ಮಿಲ್‌ಗಳಲ್ಲಿ ಜನ ಜಾಸ್ತಿ. ಅಲ್ಲಿ ಸ್ವಿಚ್‌ಗೆ ಬೀಗವೇ ಬೇಕು, ಕೀಲಿ ಬೆಲ್ಟ್ ಬಿಚ್ಚುವವರ ಹತ್ತಿರವೇ ಇರಬೇಕು. ಮಾಲೀಕರ ಟೇಬಲ್ ಮೇಲೆ ಅಲ್ಲ.

ಒಂದು ನೆನಪಿರಲಿ, ಸ್ವಿಚ್ ಇಳಿಸಿದರೂ ಕಂಬದಿಂದ ಬರುವ ತಂತಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ. ಆ ಬದಿ ಮುಟ್ಟಬೇಡಿ. ಟೆಸ್ಟರ್ ಹಚ್ಚುವ ಮುಂಚೆ ಕರೆಂಟ್ ಇರುವ ಪಾಯಿಂಟ್‌ನಲ್ಲಿ ಅದು ಹತ್ತುತ್ತದಾ ನೋಡಿ. ಸತ್ತ ಟೆಸ್ಟರ್ ನಂಬಿ ಕೈ ಇಡುವವರೇ ಜಾಸ್ತಿ.

ಸಿಂಗಲ್ ಫೇಸ್ ಮೋಟಾರ್‌ನ ಕೆಪಾಸಿಟರ್‌ನಲ್ಲಿ ಕರೆಂಟ್ ತೆಗೆದ ಮೇಲೂ ಚಾರ್ಜ್ ಉಳಿದಿರುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಧೈರ್ಯ ಬೇಡ. ಹಳೇ ನಮೂನೆಯ (ಒಳಗೆ ತಂತಿ ಕಾಯುವ) 230 ವೋಲ್ಟ್ ಬಲ್ಬ್ ಹಾಕಿದ ಹೋಲ್ಡರ್‌ನ ವೈರ್ ಎರಡೂ ಟರ್ಮಿನಲ್‌ಗೆ ಹಿಡಿದರೆ ಖಾಲಿಯಾಗುತ್ತದೆ. ವೈರ್‌ನ ಬರಿ ತುದಿಗೆ ಕೈ ತಾಗದಿರಲಿ.

ಟಿಸಿಯಲ್ಲೇ (ಕಂಬದ ಟ್ರಾನ್ಸ್‌ಫಾರ್ಮರ್‌ನಲ್ಲೇ) ಫ್ಯೂಸ್ ಹೋಗಿದ್ದರೆ ನೀವು ಹತ್ತಬೇಡಿ. ಲೈನ್‌ಮನ್‌ಗೆ ಹೇಳಿ, ಸಿಗದಿದ್ದರೆ ಜೆಸ್ಕಾಂನ 1912ಕ್ಕೆ ಫೋನ್ ಮಾಡಿ.