ಪಾರ್ಕಿನ್ಸನ್ ನಡುಕ: ವೈದ್ಯರ ಭೇಟಿಗೆ ಮುನ್ನ ಮನೆಯಲ್ಲಿ ದಾಖಲಿಸುವುದು ಹೇಗೆ

ಪಾರ್ಕಿನ್ಸನ್ ಇರುವವರ ಮನೆಯಲ್ಲಿ ಎಲ್ಲರ ಕಣ್ಣೂ ನಡುಗುವ ಕೈಮೇಲೆಯೇ. ನಡುಕ ಹೆಚ್ಚಿದರೆ ಕಾಯಿಲೆ ಉಲ್ಬಣಿಸಿತು, ತಗ್ಗಿದರೆ ಗುಣವಾಗುತ್ತಿದೆ ಎಂದುಕೊಳ್ಳುತ್ತಾರೆ. ಆ ಲೆಕ್ಕ ಸರಿಯಲ್ಲ. ನಿದ್ದೆಗೆಟ್ಟರೆ, ಗಾಬರಿಯಾದರೆ, ಜ್ವರ ಬಂದರೆ ನಡುಕ ಒಂದೇ ದಿನದಲ್ಲಿ ಏರಿ ಇಳಿಯುತ್ತದೆ. ಕಾಯಿಲೆ ಎಷ್ಟು ಮುಂದುವರಿದಿದೆ ಎಂಬುದನ್ನು ಚಲನೆಯ ನಿಧಾನ, ಬಿಗಿತ, ನಡಿಗೆ, ಸಮತೋಲನ ಇವೇ ಹೆಚ್ಚು ಸ್ಪಷ್ಟವಾಗಿ ಹೇಳುತ್ತವೆ. ಹಾಗಾಗಿ ಎರಡನ್ನೂ ದಾಖಲಿಸಿ.

ವಿಡಿಯೋವನ್ನು ಎರಡು ಸಲ ಮಾಡಿ: ಬೆಳಗಿನ ಮೊದಲ ಮಾತ್ರೆಗೆ ಮುಂಚೆ ಒಮ್ಮೆ, ನುಂಗಿ ಸುಮಾರು ಒಂದು ಗಂಟೆಯಾದ ಮೇಲೆ ಇನ್ನೊಮ್ಮೆ. ಮಾತ್ರೆಯ ಸಮಯ ಬರೆಯದ ವಿಡಿಯೋದಿಂದ ಹೆಚ್ಚು ಉಪಯೋಗವಿಲ್ಲ.

ಮೊದಲು ಕುರ್ಚಿಯಲ್ಲಿ ಕೂರಿಸಿ, ಕೈಗಳನ್ನು ತೊಡೆಯ ಮೇಲೆ ಸಡಿಲ ಬಿಡಲು ಹೇಳಿ. 100ರಿಂದ ಏಳೇಳು ಕಳೆಯುತ್ತಾ ಎಣಿಸಲಿ. ಗಮನ ಲೆಕ್ಕದತ್ತ ಹೊರಳಿದಾಗ ಅಡಗಿದ್ದ ನಡುಕ ಹೊರಬರುತ್ತದೆ. ಹೆಬ್ಬೆರಳು ತೋರುಬೆರಳಿನ ಮೇಲೆ ಗುಳಿಗೆ ಉರುಳಿಸುವಂತೆ ಆಡುತ್ತದೆಯೇ, ಸೆಕೆಂಡಿಗೆ 4ರಿಂದ 6 ಸಲವೇ, ಒಂದು ಬದಿಯಲ್ಲಿ ಹೆಚ್ಚೇ ನೋಡಿ. ಬೆರಳು ಎಷ್ಟು ದೂರ ಅಲುಗುತ್ತದೆ ಎಂಬುದನ್ನೂ ಬರೆಯಿರಿ: 1 ಸೆಂ.ಮೀ. ಒಳಗೆ, 1ರಿಂದ 3, 3ರಿಂದ 10, ಅಥವಾ ಇನ್ನೂ ಹೆಚ್ಚು.

ಬಳಿಕ ಎರಡೂ ಕೈ ಮುಂದೆ ಚಾಚಿಸಿ, 20 ಸೆಕೆಂಡ್ ಹಾಗೇ ಹಿಡಿಯಲಿ. ಎಷ್ಟೋ ಜನ ಐದೇ ಸೆಕೆಂಡಿಗೆ ನಿಲ್ಲಿಸಿಬಿಡುತ್ತಾರೆ. ಪಾರ್ಕಿನ್ಸನ್‌ನಲ್ಲಿ ಚಾಚಿದ ತಕ್ಷಣ ನಡುಕ ನಿಂತು, ಕೆಲವು ಸೆಕೆಂಡುಗಳ ನಂತರ ಮರುಕಳಿಸುವುದು ಸಾಮಾನ್ಯ. ಎಸೆನ್ಷಿಯಲ್ ಟ್ರೆಮರ್ ಎಂಬ ಬೇರೆ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕೈ ಚಾಚಿದೊಡನೆಯೇ, ಹೆಚ್ಚಾಗಿ ಎರಡೂ ಕೈಯಲ್ಲಿ, ನಡುಕ ಶುರುವಾಗುತ್ತದೆ. ಲೋಟ ಎತ್ತುವಾಗಲೂ ಕಾಡುತ್ತದೆ.

ನಿಧಾನ ಅಳೆಯಲು ಹೆಬ್ಬೆರಳಿಗೆ ತೋರುಬೆರಳನ್ನು 10 ಸಲ, ಆದಷ್ಟು ಅಗಲವಾಗಿ, ವೇಗವಾಗಿ ತಟ್ಟಿಸಿ, ಒಂದೊಂದೇ ಕೈ. ಬೆರಳುಗಳ ನಡುವಿನ ಅಂತರ ಬರಬರುತ್ತಾ ಕುಗ್ಗುವುದು, ನಡುವೆ ತಡವರಿಸುವುದು ಮುಖ್ಯ ಗುರುತು. ಒಂದೇ ವಾಕ್ಯವನ್ನು ಐದು ಸಲ ಬರೆಸಿದರೆ ಅಕ್ಷರ ಸಾಲಿನಿಂದ ಸಾಲಿಗೆ ಚಿಕ್ಕದಾಗುವುದು ಕಾಣಬಹುದು. ನಡೆಸುವಾಗ ಯಾವ ಕೈ ಬೀಸುವುದಿಲ್ಲ, ತಿರುಗಲು ಎಷ್ಟು ಹೆಜ್ಜೆ ಬೇಕು, ಬಾಗಿಲ ಬಳಿ ಕಾಲು ನೆಲಕ್ಕಂಟಿದಂತೆ ನಿಲ್ಲುತ್ತದೆಯೇ ಗಮನಿಸಿ. ಹಿಂದಿನಿಂದ ಎಳೆದು ಸಮತೋಲನ ನೋಡುವ ಪರೀಕ್ಷೆಯನ್ನು ಮನೆಯಲ್ಲಿ ಮಾಡಲೇಬೇಡಿ, ಬಿದ್ದರೆ ಮೂಳೆ ಮುರಿಯುತ್ತದೆ.

ಭೇಟಿಗೆ ಮುಂಚಿನ ಮೂರು ದಿನ, ಎಚ್ಚರವಿರುವಷ್ಟೂ ಹೊತ್ತು, ಅರ್ಧರ್ಧ ಗಂಟೆಗೆ ಒಂದು ಸಾಲು ಬರೆಯಿರಿ: ಮಾತ್ರೆ, ಊಟ, ಮತ್ತು ಸ್ಥಿತಿ (ಚೆನ್ನಾಗಿ ಓಡಾಡುತ್ತಿದ್ದಾರೆ, ನಿಧಾನ, ನಡುಕ, ಬಳುಕಾಟ). ಪಾರ್ಕಿನ್ಸನ್‌ಗೆ ಕೊಡುವ ಮುಖ್ಯ ಔಷಧ ಲೆವೊಡೋಪಾ ಕೆಲಸ ಮಾಡದಿರಲು ಪ್ರೋಟೀನ್ ಹೆಚ್ಚಿರುವ ಊಟವೋ ಕಬ್ಬಿಣದ ಮಾತ್ರೆಯೋ ಅಡ್ಡಿಯಾಗಿರಬಹುದು. ಇವೆರಡೂ ಆ ಔಷಧದ ಹೀರಿಕೆಯನ್ನು ತಗ್ಗಿಸುತ್ತವೆ. ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ನುಂಗುವುದು ಒಳ್ಳೆಯದು. ಓಕರಿಕೆ ಬಂದರೆ ಕ್ರಮ ಬದಲಿಸುವ ಬಗ್ಗೆ ವೈದ್ಯರನ್ನೇ ಕೇಳಿ.

ಬಳುಕಾಟ ಎಂದದ್ದಕ್ಕೆ ಕಾರಣವಿದೆ. ಮಾತ್ರೆಯ ಪರಿಣಾಮ ಉತ್ತುಂಗದಲ್ಲಿರುವಾಗ ಮೈ, ಕುತ್ತಿಗೆ ತಾಳವಿಲ್ಲದೆ ಹೊಯ್ದಾಡಿದರೆ ಅದು ಡಿಸ್ಕೈನೀಸಿಯಾ, ನಡುಕವಲ್ಲ. ನಡುಕಕ್ಕೆ ತಾಳವಿರುತ್ತದೆ. ಇವೆರಡನ್ನು ಅದಲುಬದಲು ಮಾಡಿ ಮಾತ್ರೆ ಹೆಚ್ಚಿಸಿದರೆ ಹೊಯ್ದಾಟ ಇನ್ನೂ ಕೆರಳುತ್ತದೆ.

ಬೇರೆ ಕಾಯಿಲೆಗಳ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಮೂರ್ಛೆಗೆ ಕೊಡುವ ವಾಲ್ಪ್ರೊಯೇಟ್ ಇವೇ ನಡುಕ, ಬಿಗಿತ ತರಬಲ್ಲವು. ಲೆವೊಡೋಪಾವನ್ನಂತೂ ಎಂದೂ ಥಟ್ಟನೆ ನಿಲ್ಲಿಸಬೇಡಿ. ತೀವ್ರ ಬಿಗಿತ, ಜ್ವರ ಬಂದು ಜೀವಕ್ಕೇ ಅಪಾಯವಾಗಬಹುದು.

ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ಗುರುತಿಸಲು 1967ರಿಂದ ಬಳಕೆಯಲ್ಲಿರುವ ಹೋನ್ ಮತ್ತು ಯಾರ್ ಅಳತೆಯಲ್ಲಿ ಐದು ಹಂತಗಳಿವೆ: ಒಂದು ಬದಿಗೆ ಮಾತ್ರ, ಎರಡೂ ಬದಿಗೆ, ಸಮತೋಲನ ತಪ್ಪುವುದು, ತೀವ್ರ ಅಸಹಾಯಕತೆ, ಗಾಲಿಕುರ್ಚಿ ಅಥವಾ ಹಾಸಿಗೆ. ಎಲ್ಲರೂ ಕೊನೆಯ ಹಂತ ಮುಟ್ಟುವುದಿಲ್ಲ, ವೇಗವೂ ಒಂದೇ ಅಲ್ಲ. ನಡುಕವೇ ಪ್ರಧಾನವಾಗಿರುವವರಲ್ಲಿ ಕಾಯಿಲೆ ಮುಂದುವರಿಯುವುದು ಸಾಮಾನ್ಯವಾಗಿ ನಿಧಾನ. ಆದರೆ ಮೊದಲ ವರ್ಷಗಳಲ್ಲೇ ಪದೇಪದೇ ಬೀಳುತ್ತಿದ್ದರೆ, ಅಥವಾ ಸಾಕಷ್ಟು ಲೆವೊಡೋಪಾಕ್ಕೂ ಜಗ್ಗದಿದ್ದರೆ, ಅದು ಪಾರ್ಕಿನ್ಸನ್ ಹೌದೋ ಅಲ್ಲವೋ ಎಂದು ತಜ್ಞರು ಮತ್ತೆ ನೋಡಬೇಕಾಗುತ್ತದೆ. ಮುಂದಿನ ಭೇಟಿಯ ತನಕ ಕಾಯಬೇಡಿ.