ಸೈಲೆನ್ಸರ್ ಇಲ್ದೇನೇ ಅಂಬಾಸಿಡರ್ ಸ್ಟಾರ್ಟ್ ಮಾಡಿದ್ದು – ನನ್ನ ಅನುಭವ

ಇಂಜಿನ್ ಕೂರ್ಸಿ ಆಗಿತ್ತು, ಸೈಲೆನ್ಸರ್ ಅಂಗಡಿಯವ್ನು ಮಾತ್ರ "ನಾಳೆ ಬನ್ನಿ ಸಾರ್" ಅಂತ ಮೂರು ವಾರ ಅಲೆಸ್ದ. ಒಂದು ಪೈಪ್ ಬಗ್ಗಿಸೋಕೆ! ನಂಗೆ ತಡ್ಕೊಳೋಕಾಗ್ಲಿಲ್ಲ. ನಮ್ದು ಮಾರ್ಕ್ 2, 1489 ಸಿಸಿ ಪೆಟ್ರೋಲ್, ಬೋರಿಂಗ್ ಮಾಡ್ಸಿ (ಸವೆದ ಸಿಲಿಂಡರ್ ಕೊರೆದು ಅಗಲ ಮಾಡೋದು) ಓವರ್‌ಸೈಜ್ ಪಿಸ್ಟನ್, ಹೊಸ ರಿಂಗು, ಬೇರಿಂಗು ಹಾಕಿದ್ದೆ. ಕ್ಯಾಮ್ (ವಾಲ್ವ್ ತೆಗೆಸೋ ಉಬ್ಬುಗಳಿರೋ ಶಾಫ್ಟ್) ಹಳೇದೇ, ಅದಕ್ಕೆ ತಾಗಿ ಕೂರೋ ಟ್ಯಾಪೆಟ್‌ಗಳಿಗೆ ಬಿಚ್ಚುವಾಗ್ಲೇ ನಂಬರ್ ಹಾಕಿಟ್ಟು ಅದದೇ ತೂತಿಗೆ ವಾಪಸ್ ಇಳಿಸಿದ್ದೆ, ಅದೇ ಧೈರ್ಯ. ಹೊಸ ಕ್ಯಾಮ್ ಆಗಿದ್ರೆ ಟ್ಯಾಪೆಟ್ ಜೊತೆ ಹೊಂದ್ಕೊಳೋಕೆ ಹತ್ತಿದ ತಕ್ಷಣ 2000 ಆರ್‌ಪಿಎಂನಲ್ಲಿ ಒಂದು 20 ನಿಮಿಷ ನಿಲ್ಲಿಸ್ದೆ ಓಡಿಸ್ಬೇಕು, ಪೈಪ್ ಇಲ್ದೆ ಅಷ್ಟೊತ್ತು ಬೀದೀಲಿ ಯಾರು ಸುಮ್ನಿರ್ತಾರೆ.

ಇದ್ರಲ್ಲಿ ಇನ್ಲೆಟ್ಟು ಎಕ್ಸಾಸ್ಟು ಎರಡೂ ಒಂದೇ ಕಡೆ, ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆ ಒಟ್ಟಿಗೆ ಹೊರಗೆ ತರೋ ಕೊಳವೆ) ಇತ್ತು, ಅದ್ರ ಕೆಳಗೆ ಏನೂ ಇಲ್ಲ, ಬರೀ ಬಾಯಿ. ಕಾರ್ಬು (ಕಾರ್ಬ್ಯುರೇಟರ್) ಅದ್ರ ಪಕ್ಕದಲ್ಲೇ, ಕಾರ್ಬಲ್ಲಿ ಪೆಟ್ರೋಲ್ ನಿಲ್ಲೋ ಫ್ಲೋಟ್ ಬೌಲ್ ತುಂಬಿ ಚೆಲ್ಲಿದ್ರೆ ಪೆಟ್ರೋಲ್ ಬೆಂಕಿ ಹತ್ರಾನೇ ಬೀಳೋದು, ಅದಕ್ಕೇ ಗಾಡೀನ ಶೆಡ್ಡಿಂದ ಅಂಗಳಕ್ಕೆ ತಳ್ಳಿ (ಹೊಗೆ ಒಳಗೆ ತುಂಬ್ಕೊಂಡ್ರೂ ಕಷ್ಟ) ಒದ್ದೆ ಗೋಣಿಚೀಲ, ಎಕ್ಸ್‌ಟಿಂಗ್ವಿಷರ್ ಪಕ್ಕಕ್ಕಿಟ್ಕೊಂಡೆ.

ಮೊದ್ಲು ಇಂಜಿನ್ ಹತ್ತದೆ ಬರೀ ತಿರುಗಿ ಆಯಿಲ್ ಮೇಲೇರ್ಲಿ ಅಂತ ಪ್ಲಗ್ ನಾಲ್ಕೂ ಬಿಚ್ಚಿ ಸೆಲ್ಫ್ ಹೊಡ್ದೆ, ಆಯಿಲ್ ಗೇಜ್ ಮುಳ್ಳು ಏಳ್ಲೇ ಇಲ್ಲ. ಬೇಗ ಆಯಿಲ್ ಎಳೀಲಿ ಅಂತ ಆಯಿಲ್ ಪಂಪ್‌ಗೆ ವ್ಯಾಸಲೀನ್ ತುಂಬಿದ್ದೆ ಆದ್ರೂ ಎದೆ ಢವಢವ. ಹತ್ತತ್ತು ಸೆಕೆಂಡ್ ಬಿಟ್ಟುಬಿಟ್ಟು ಹೊಡೀತಾ ಐದ್ನೇ ಸಲಕ್ಕೆ ಮುಳ್ಳು ಒಂಚೂರು ನಡುಗಿ ಮೇಲೆದ್ತು. ಪ್ಲಗ್ ಹಾಕಿ ಚೋಕ್ ಎಳ್ದು ಕೀ ತಿರುಗಿಸಿದ್ರೆ ಕಾರ್ಬಲ್ಲಿ ಠಪ್ ಅಂತು, ಹುಬ್ಬು ಸುಟ್ಟಿಲ್ಲ ಅಷ್ಟೇ. ರಾಕರ್ (ವಾಲ್ವ್ ಒತ್ತೋ ತೋಳು) ಕವರ್ ತೆಗ್ದು ನೋಡಿದ್ರೆ, ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚೋದು) ಒಳಗೆ ತಿರುಗೋ ರೋಟರ್ ಒಂದ್ನೇ ಪ್ಲಗ್ ವೈರಿಗೆ ಮುಖ ಮಾಡಿದಾಗ ನಾಲ್ಕನೇ ಸಿಲಿಂಡರ್ ರಾಕರ್ ಆಡ್ಬೇಕು, ಆಡ್ತಿದ್ದದ್ದು ಒಂದ್ನೇದ್ದು. ಡಿಸ್ಟ್ರಿಬ್ಯೂಟರ್ ಪೂರ್ತಿ ಉಲ್ಟಾ! ಕ್ಯಾಪಲ್ಲಿ ವೈರ್‌ಗಳನ್ನ ಎದುರುಬದುರು ಮಾಡಿ ಕಿಡಿ ಹೋಗೋ ಸರದಿ 1-3-4-2 ಸರಿಮಾಡ್ದೆ.

ಆಮೇಲೆ ಅರ್ಧ ಸುತ್ತಿಗೇ ಹತ್ತಿತು ನೋಡಿ, ಅಬ್ಬಾ ಆ ಸದ್ದು. ಎದುರುಮನೆ ಅಜ್ಜಿ ಟ್ರಾನ್ಸ್‌ಫಾರ್ಮರ್ ಹೋಯ್ತಾ ಅಂತ ಓಡ್ಬಂದ್ರು. ಸಂಜೆ ಮಬ್ಬಲ್ಲಿ ಮ್ಯಾನಿಫೋಲ್ಡ್ ಬಾಯಿಂದ ನೀಲಿ-ಹಳದಿ ನಾಲಿಗೆ, ಆಕ್ಸಿಲರೇಟರ್ ಬಿಟ್ರೆ ಪಟಪಟ. ಟ್ಯಾಪೆಟ್ ಸದ್ದು, ಬೇರಿಂಗ್ ಸದ್ದು ಯಾವ್ದೂ ಕೇಳಲ್ಲ, ಕಾರ್ಬಿನ ಪೆಟ್ರೋಲ್-ಗಾಳಿ ಮಿಕ್ಸ್ಚರ್ ಕಿವೀಲಿ ಕೇಳಿ ಸೆಟ್ ಮಾಡ್ತೀನಿ ಅಂತ ಹೋಗಿದ್ದು ದಡ್ಡತನ. ಗೇಜ್ ಚೆನ್ನಾಗಿ ನಿಂತಿತ್ತು, ಅಷ್ಟು ಸಾಕು ಅಂತ 40 ಸೆಕೆಂಡಿಗೆ ಆಫ್ ಮಾಡ್ದೆ.

ಆಫ್ ಮಾಡಿದ್ಮೇಲೆ ಕಮಟು ವಾಸ್ನೆ. ಟಾರ್ಚ್ ಬಿಟ್ಟು ನೋಡಿದ್ರೆ ಮ್ಯಾನಿಫೋಲ್ಡ್ ಹಿಂದಿನ ಟ್ಯಾಪೆಟ್ ಕವರಿಂದ ಆಯಿಲ್ ಜಿನುಗ್ತಿದೆ, ಕಾರ್ಕ್ ಗ್ಯಾಸ್ಕೆಟ್ ಮಡಚ್ಕೊಂಡು ಕೂತಿತ್ತು. ಪೈಪ್ ಇದ್ದಿದ್ರೆ ಅಲ್ಲಿಗೆ ಕೈ ಹೋಗ್ಬೇಕಾದ್ರೆ ಅದನ್ನೂ ಬಿಚ್ಬೇಕಿತ್ತು. ಮಾರ್ನೇ ದಿನಾನೇ ಬದಲಾಯ್ಸಿದೆ, ಸೈಲೆನ್ಸರ್ ಅವ್ನು ಆಗ್ಲೂ "ನಾಳೆ" ಅಂತಿದ್ದ.