ಪ್ರತಿ ಎಸೆತವೂ ಲೆಕ್ಕಕ್ಕೆ ಬಂದ ವರ್ಷ

ಸ್ಪರ್ಧೆಗೆ ಇಳಿಯುವ ಮೊದಲು ಎಂಟು ತಿಂಗಳಿನಿಂದ ನಾನು ಡಿಸ್ಕ್ ಗಾಲ್ಫ್ ಆಡುತ್ತಿದ್ದೇನೆ ಎಂದೇ ನಂಬಿದ್ದೆ. ಆದರೆ ಮೊದಲ ಎಸೆತ ಮರಕ್ಕೆ ಬಡಿದರೆ ಚೀಲದಿಂದ ಇನ್ನೊಂದು ಡಿಸ್ಕ್ ತೆಗೆದು ಮತ್ತೆ ಎಸೆಯುತ್ತಿದ್ದೆ. ಬಾಸ್ಕೆಟ್‌ನಿಂದ ನಾಲ್ಕೈದು ಮೀಟರ್ ದೂರದಲ್ಲಿ ಡಿಸ್ಕ್ ಬಿದ್ದಿದ್ದರೆ ಅದು ಹೇಗೂ ಒಳಗೆ ಹೋಗುತ್ತದೆಂದು ಎತ್ತಿಕೊಂಡು ಮುಂದೆ ನಡೆಯುತ್ತಿದ್ದೆ. ಈ ಉದಾರ ಲೆಕ್ಕದಲ್ಲಿ 18 ಹೋಲ್‌ಗಳಿಗೆ ನನಗೆ ಸುಮಾರು 62 ಎಸೆತಗಳು ಬೇಕಾಗುತ್ತಿದ್ದವು. ಅದೇ ಅಂಕಣದಲ್ಲಿ ನಡೆದ ನನ್ನ ಮೊದಲ ಸ್ಪರ್ಧೆಯ ಮೊದಲ ಸುತ್ತಿನಲ್ಲಿ ನಾನು 81 ಎಸೆತಗಳನ್ನು ಬರೆಸಿದೆ. ಆ ಅಂಕಣದ ಪಾರ್, ಅಂದರೆ ಅದಕ್ಕೆಂದು ನಿಗದಿ ಮಾಡಿದ ಎಸೆತಗಳ ಸಂಖ್ಯೆ, 56.

ಆಟದ ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು. ಗಾಲ್ಫ್‌ನಲ್ಲಿ ಚೆಂಡು ಮತ್ತು ಕುಳಿ ಇರುವ ಕಡೆ ಇಲ್ಲಿ ಡಿಸ್ಕ್ ಮತ್ತು ಸರಪಳಿಗಳನ್ನು ಇಳಿಬಿಟ್ಟ ಕಬ್ಬಿಣದ ಬಾಸ್ಕೆಟ್ ಇರುತ್ತವೆ. ಪ್ರತಿ ಹೋಲ್‌ನಲ್ಲೂ ಟೀ ಎಂಬ ಆರಂಭದ ಜಾಗದಿಂದ ಎಸೆಯಬೇಕು, ಡಿಸ್ಕ್ ನಿಂತ ಕಡೆಯಿಂದ ಮತ್ತೆ ಎಸೆಯಬೇಕು, ಕೊನೆಗೆ ಅದು ಬಾಸ್ಕೆಟ್‌ನಲ್ಲಿ ನಿಲ್ಲಬೇಕು. ಒಟ್ಟು ಎಸೆತಗಳು ಕಡಿಮೆಯಾದಷ್ಟೂ ಒಳ್ಳೆಯದು. ಬಹುತೇಕ ಹೋಲ್‌ಗಳ ಪಾರ್ 3 ಆಗಿರುತ್ತದೆ. ಸರಪಳಿಯ ಬಾಸ್ಕೆಟ್ಟನ್ನು ರೂಪಿಸಿದ ಎಡ್ ಹೆಡ್ರಿಕ್ ಅವರೇ 1976ರಲ್ಲಿ ಪ್ರೊಫೆಶನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್, ಅಂದರೆ ಪಿಡಿಜಿಎಯನ್ನು ಹುಟ್ಟುಹಾಕಿದರು, ಮತ್ತು ಅದರ ಒಂದನೇ ಸಂಖ್ಯೆಯ ಸದಸ್ಯರೂ ಅವರೇ. ನನ್ನ ಸದಸ್ಯತ್ವ ಸಂಖ್ಯೆಯಲ್ಲಿ ಆರು ಅಂಕಿಗಳಿವೆ. ಹೆಸರಿನಲ್ಲಿ ಪ್ರೊಫೆಶನಲ್ ಎಂದಿದ್ದರೂ ನನ್ನಂಥ ಹವ್ಯಾಸಿಗಳಿಗೆ ಅಲ್ಲಿ ಬೇರೆ ವಿಭಾಗಗಳಿವೆ; ಅವುಗಳಲ್ಲಿ ತೀರ ಹೊಸಬರಿಗೆಂದೇ ಇರುವ ಎಂಎ4 ವಿಭಾಗದಲ್ಲಿ ನಾನು ಹೆಸರು ಕೊಟ್ಟೆ.

ಆ 81ರ ಕಥೆ ಆರಂಭವಾದದ್ದು ಒಂದೂ ಡಿಸ್ಕ್ ಎಸೆಯದೆ. ಇಂಥ ಸ್ಪರ್ಧೆಗಳಲ್ಲಿ ಎಲ್ಲರೂ ಒಂದನೇ ಹೋಲ್‌ನಿಂದ ಸಾಲಾಗಿ ಹೊರಡುವುದು ಕಡಿಮೆ; ಮೂರು ನಾಲ್ಕು ಜನರ ಗುಂಪುಗಳು ಬೇರೆ ಬೇರೆ ಹೋಲ್‌ಗಳಲ್ಲಿ ನಿಂತು ಒಂದೇ ಸಂಕೇತಕ್ಕೆ ಏಕಕಾಲದಲ್ಲಿ ಆಟ ಶುರು ಮಾಡುತ್ತವೆ. ನನ್ನ ಗುಂಪಿನ ಆರಂಭ 11ನೇ ಹೋಲ್‌ನಿಂದ ಎಂಬುದನ್ನು ಓದಿಕೊಂಡಿದ್ದೆ, ಆದರೆ ಅದು ಅಂಕಣದ ಆ ತುದಿಯಲ್ಲಿದೆ ಎಂಬುದನ್ನು ಯೋಚಿಸಿರಲಿಲ್ಲ. ಪಟ್, ಅಂದರೆ ಬಾಸ್ಕೆಟ್‌ಗೆ ಹತ್ತಿರದಿಂದ ಹಾಕುವ ಎಸೆತ, ಅಭ್ಯಾಸ ಮಾಡುತ್ತಾ ನಿಂತವನಿಗೆ ಸಂಕೇತ ಕೇಳಿಸಿತು. ಓಡಿ ತಲುಪುವಷ್ಟರಲ್ಲಿ ಉಳಿದ ಮೂವರೂ ಬಾಸ್ಕೆಟ್ ಮುಟ್ಟಿದ್ದರು. ಆಟಗಾರ ತನ್ನ ಸರದಿಯಲ್ಲಿ ಹಾಜರಿಲ್ಲದೆ ಒಂದು ಹೋಲ್ ತಪ್ಪಿಸಿಕೊಂಡರೆ ಅದಕ್ಕೆ ಪಾರ್ ಮತ್ತು ನಾಲ್ಕು ಎಸೆತಗಳನ್ನು ಬರೆಯಬೇಕೆಂಬುದು ನಿಯಮ. ನನ್ನ ಸ್ಕೋರ್‌ಕಾರ್ಡಿನ ಮೊದಲ ಅಂಕಿ ಹೀಗೆ 7 ಆಯಿತು. ಕಾರ್ಡ್ ಬರೆಯುತ್ತಿದ್ದ ಹಿರಿಯ ಆಟಗಾರರು ಬೇಸರವನ್ನಾಗಲಿ ಕನಿಕರವನ್ನಾಗಲಿ ತೋರಿಸದೆ, "ಏಳು ಬರೆದುಕೊಂಡಿದ್ದೇನೆ, ಉಸಿರು ಸುಧಾರಿಸಿಕೊಳ್ಳಿ, ಮುಂದಿನ ಹೋಲ್‌ನಲ್ಲಿ ಕೊನೆಯ ಸರದಿ ನಿಮ್ಮದು" ಎಂದರು. ಅವರ ಆ ನಿರ್ಲಿಪ್ತ ದನಿಗೆ ನಾನು ಇಂದಿಗೂ ಋಣಿ.

ಮುಂದಿನ ಹೋಲ್‌ನಲ್ಲಿ ಟೀ ಮೇಲೆ ನಿಂತಾಗ ಮೂರು ಜೊತೆ ಕಣ್ಣುಗಳು ನನ್ನ ಬೆನ್ನಿನ ಮೇಲಿದ್ದವು. ಸರದಿ ಬಂದ ಮೇಲೆ ಎಸೆಯಲು ಸಿಗುವುದು 30 ಸೆಕೆಂಡು. ಅದು ಬೇಕಾದಷ್ಟು ಸಮಯ ಎಂಬುದು ಈಗ ಗೊತ್ತು, ಆದರೆ ಅಂದು ಯಾರೋ ಹಿಂದಿನಿಂದ ತಳ್ಳುತ್ತಿದ್ದಾರೆಂಬ ಭಾವನೆಯಲ್ಲಿ ಐದನೇ ಸೆಕೆಂಡಿಗೇ ಎಸೆದುಬಿಡುತ್ತಿದ್ದೆ. ಬೆರಳುಗಳು ಬಿಗಿದುಕೊಂಡು ಡಿಸ್ಕ್ ತಡವಾಗಿ ಕೈಬಿಡುತ್ತಿತ್ತು ಮತ್ತು ಬಲಕ್ಕೆ, ಗಡಿಯಾಚೆಗೆ ಹೋಗುತ್ತಿತ್ತು. ಗಡಿ ದಾಟಿದ ಡಿಸ್ಕ್‌ಗೆ ಒಂದು ದಂಡದ ಎಸೆತ. ಆಮೇಲೆ ಅದು ಗಡಿ ದಾಟಿದ ಬಿಂದುವಿನಿಂದ ಒಂದು ಮೀಟರ್ ಒಳಗೆ ನಿಂತು ಆಟ ಮುಂದುವರಿಸಬಹುದು.

ಅಂದು ಸಂಜೆ ಸ್ಕೋರ್‌ಕಾರ್ಡ್ ಎದುರಿಗಿಟ್ಟುಕೊಂಡು, ಪಾರ್‌ಗಿಂತ ಹೆಚ್ಚಾದ 25 ಎಸೆತಗಳು ಎಲ್ಲೆಲ್ಲಿ ಹೋದವೆಂದು ನೆನಪಿನಿಂದ ಬರೆಯಲು ಕುಳಿತೆ. ದೂರಕ್ಕೆ ಎಸೆಯಲಾಗದ್ದೇ ನನ್ನ ಕೊರತೆ ಎಂಬ ಖಚಿತ ತೀರ್ಮಾನ ಅದಾಗಲೇ ಮನಸ್ಸಿನಲ್ಲಿ ಸಿದ್ಧವಾಗಿತ್ತು. ಬರಹ ಬೇರೆಯದನ್ನೇ ಹೇಳಿತು. ತಡವಾಗಿ ಬಂದದ್ದಕ್ಕೆ 4, ಗಡಿ ದಾಟಿದ್ದಕ್ಕೆ 3, ಬಾಸ್ಕೆಟ್‌ನಿಂದ ಹತ್ತು ಮೀಟರ್ ಒಳಗೆ ಕೈತಪ್ಪಿದ ಪಟ್‌ಗಳು 9, ಮರಗಳ ನಡುವೆ ಸಿಕ್ಕಿಬಿದ್ದ ಮೇಲೆ ಕಳೆದುಕೊಂಡವು 7. ನಿಜವಾಗಿಯೂ ದೂರ ಸಾಲದೆ ಹೋದದ್ದು 2. ಅಂದಿನಿಂದ ಪ್ರತಿ ಸುತ್ತಿನ ನಂತರ ಈ ಲೆಕ್ಕವನ್ನು ಪುಸ್ತಕವೊಂದರಲ್ಲಿ ಬರೆಯುತ್ತಾ ಬಂದೆ. ಮೊದಲ ವರ್ಷದಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಬಹುಶಃ ಅದೊಂದೇ.

ಮರಗಳ ನಡುವಿನ ಆ 7 ಎಸೆತಗಳನ್ನು ನಾನು 'ದುರಾಸೆ' ಎಂಬ ತಲೆಬರಹದ ಕೆಳಗೆ ಬರೆದಿದ್ದೆ. ಡಿಸ್ಕ್ ಪೊದೆಯೊಳಗೆ ಹೋಗಿ ನಿಂತಿದೆ, ಬಾಸ್ಕೆಟ್ 50 ಮೀಟರ್ ದೂರದಲ್ಲಿ ಎರಡು ಕಾಂಡಗಳ ನಡುವಿನ ಕಿಂಡಿಯಲ್ಲಿ ಕಾಣುತ್ತಿದೆ ಎಂದುಕೊಳ್ಳಿ. ಆ ಕಿಂಡಿ ಎರಡು ಡಿಸ್ಕ್‌ಗಳಷ್ಟು ಅಗಲ. ಪಕ್ಕದಲ್ಲಿ ಹತ್ತು ಮೀಟರ್ ಆಚೆಗೆ ಫೇರ್‌ವೇ, ಅಂದರೆ ಹೋಲ್‌ನ ಮುಖ್ಯ ದಾರಿ, ಬಟ್ಟಬಯಲಾಗಿದೆ. ಅಭ್ಯಾಸದ ದಿನಗಳಲ್ಲಿ ನಾನು ಯಾವಾಗಲೂ ಕಿಂಡಿಯನ್ನೇ ಆರಿಸುತ್ತಿದ್ದೆ, ಏಕೆಂದರೆ ಹತ್ತರಲ್ಲಿ ಒಮ್ಮೆ ಡಿಸ್ಕ್ ತೂರಿಹೋದಾಗ ಆಗುವ ಆನಂದ ಮಾತ್ರ ನೆನಪಿನಲ್ಲಿ ಉಳಿಯುತ್ತಿತ್ತು, ಉಳಿದ ಒಂಬತ್ತನ್ನು ಯಾರೂ ಬರೆದಿಡುತ್ತಿರಲಿಲ್ಲ. ಬರೆಯತೊಡಗಿದ ಮೇಲೆ, ಫೇರ್‌ವೇಗೆ ಮೆಲ್ಲಗೆ ಎಸೆದು ಹೊರಬಂದರೆ ಸಾಮಾನ್ಯವಾಗಿ 4ರಲ್ಲಿ ಮುಗಿಯುವ ಹೋಲ್ ಕಿಂಡಿಯ ಆಸೆಗೆ 5 ಅಥವಾ 6 ಆಗುತ್ತಿರುವುದು ಕಾಣಿಸಿತು. ಮೂರನೇ ಸ್ಪರ್ಧೆಯಿಂದ ಒಂದು ಕಟ್ಟುಪಾಡು ಹಾಕಿಕೊಂಡೆ: ಹತ್ತರಲ್ಲಿ ಏಳು ಸಲ ಸಾಧ್ಯವೆಂದು ಅನಿಸದ ದಾರಿಯಲ್ಲಿ ಎಸೆಯಬಾರದು. ಇದನ್ನು ಪಾಲಿಸುವುದಕ್ಕೆ ಬೇಕಾದದ್ದು ಕೈಚಳಕವಲ್ಲ, ಜಂಬವನ್ನು ನುಂಗಿಕೊಳ್ಳುವ ಅಭ್ಯಾಸ. ಹಾಗಾಗಿ ಅದು ಬೇಗ ಬರಲಿಲ್ಲ.

ಡಿಸ್ಕ್‌ಗಳ ವಿಷಯದಲ್ಲಿ ನಾನು ಹೊಸಬರೆಲ್ಲ ಮಾಡುವ ತಪ್ಪನ್ನೇ ಮಾಡಿದ್ದೆ. ಅನೇಕ ಕಂಪನಿಗಳ ಡಿಸ್ಕ್‌ಗಳ ಮೇಲೆ ನಾಲ್ಕು ಅಂಕಿಗಳಿರುತ್ತವೆ: ವೇಗ, ತೇಲುವ ಗುಣ, ವೇಗದಲ್ಲಿರುವಾಗ ಹೊರಳುವ ಗುಣ, ವೇಗ ಇಳಿದ ಮೇಲೆ ವಾಲುವ ಗುಣ. ಬಲಗೈಯವರು ಬ್ಯಾಕ್‌ಹ್ಯಾಂಡ್ ಎಸೆದರೆ ಡಿಸ್ಕ್ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ಜೋರಾಗಿ ಹೋಗುವಾಗ ಅದು ಬಲಕ್ಕೆ ಹೊರಳಲು ನೋಡುತ್ತದೆ, ನಿಧಾನವಾದಾಗ ಎಡಕ್ಕೆ ವಾಲುತ್ತದೆ. ನಾನು ಕೊಂಡದ್ದು 12, 5, -1, 3 ಎಂದು ಬರೆದಿದ್ದ ಡ್ರೈವರ್, ಅಂದರೆ ದೂರಕ್ಕೆ ಎಸೆಯುವ ಡಿಸ್ಕ್. 12 ಎಂದರೆ ಡಿಸ್ಕ್ ತಾನಾಗಿ ವೇಗವಾಗಿ ಹೋಗುತ್ತದೆ ಎಂದಲ್ಲ, ಅದು ಹೇಳಿದಂತೆ ಹಾರಬೇಕಾದರೆ ಎಸೆಯುವವನು ಅಷ್ಟು ವೇಗ ಕೊಡಬೇಕು ಎಂದು. ನನ್ನ ಕೈಯಲ್ಲಿ ಆ ವೇಗವಿರಲಿಲ್ಲವಾದ್ದರಿಂದ ಡಿಸ್ಕ್ ಬಲಕ್ಕೆ ಹೊರಳುವ ಹಂತವನ್ನೇ ತಲುಪದೆ, ಕೈಬಿಟ್ಟ ಕೂಡಲೇ ಎಡಕ್ಕೆ ವಾಲಿ 60 ಮೀಟರಿನಲ್ಲಿ ನೆಲ ಕಚ್ಚುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾನು ಕೈಗೆ ಅನ್ವಯಿಸಿಕೊಳ್ಳಬೇಕಾಯಿತು. ಡ್ರೈವರ್‌ಗಳನ್ನು ಮನೆಯಲ್ಲಿಟ್ಟು ಮೂರು ತಿಂಗಳು ಪಟ್‌ಗೆ ಬಳಸುವ ಎರಡು ಪಟ್ಟರ್, ಮಧ್ಯಮ ದೂರಕ್ಕೆ ಬಳಸುವ 5ರ ವೇಗದ ಒಂದು ಮಿಡ್‌ರೇಂಜ್ ಮತ್ತು 7ರ ವೇಗದ ಒಂದು ಡಿಸ್ಕ್, ಇಷ್ಟರಲ್ಲೇ ಆಡಿದೆ. ನಿಧಾನದ ಡಿಸ್ಕ್ ತಪ್ಪನ್ನು ಮುಚ್ಚಿಡುವುದಿಲ್ಲ: ಕೈ ಓರೆಯಾದರೆ ಓರೆಯಾಗಿಯೇ ಹೋಗುತ್ತದೆ, ಮುಂದಿನ ಅಂಚು ಮೇಲೆದ್ದಿದ್ದರೆ ಗಾಳಿಯಲ್ಲಿ ನಿಂತು ಹಿಂದಕ್ಕೆ ಬೀಳುತ್ತದೆ. ನನ್ನ ದೊಡ್ಡ ದೋಷ ಈ ಮೇಲೆದ್ದ ಅಂಚೇ ಆಗಿತ್ತು. ಹೂಜಿಯಿಂದ ನೀರು ಬಗ್ಗಿಸುವಾಗ ಮಣಿಕಟ್ಟು ಕೆಳಕ್ಕೆ ಬಾಗುವಂತೆ ಬಾಗಿಸಿ ಹಿಡಿಯಿರಿ ಎಂದು ಒಬ್ಬರು ತೋರಿಸಿಕೊಟ್ಟರು. ಅದೊಂದೇ ತಿದ್ದುಪಡಿಯಿಂದ ಅದೇ ಬಲಕ್ಕೆ ಹತ್ತು ಹನ್ನೆರಡು ಮೀಟರ್ ಹೆಚ್ಚು ಸಿಕ್ಕಿತು.

ಪಟ್‌ಗಳಿಗೆ ಇಂಥ ಯಾವ ಯುಕ್ತಿಯೂ ಇರಲಿಲ್ಲ. ಹಿಂದೆ ನಾನು ಹತ್ತು ಡಿಸ್ಕ್‌ಗಳನ್ನು ಒಂದೇ ಜಾಗದಿಂದ ಸಾಲಾಗಿ ಎಸೆದು ಎಂಟು ಬಿದ್ದವೆಂದು ಬೀಗುತ್ತಿದ್ದೆ. ಆದರೆ ಸ್ಪರ್ಧೆಯಲ್ಲಿ ಒಂದು ಜಾಗದಿಂದ ಸಿಗುವುದು ಒಂದೇ ಅವಕಾಶ, ಅದೂ ನೂರಾರು ಹೆಜ್ಜೆ ನಡೆದು ಬಂದ ಮೇಲೆ, ಕೈ ತಣ್ಣಗಾಗಿರುವಾಗ. ಆದ್ದರಿಂದ ಅಭ್ಯಾಸವನ್ನೇ ಬದಲಾಯಿಸಿದೆ. ಒಂದೇ ಡಿಸ್ಕ್, ಪ್ರತಿ ಎಸೆತಕ್ಕೂ ಬೇರೆ ಜಾಗ, ನಾಲ್ಕರಿಂದ ಎಂಟು ಮೀಟರ್ ಒಳಗೆ, ಪ್ರತಿ ಸಲವೂ ಡಿಸ್ಕ್ ನಿಂತ ಜಾಗ ಗುರುತಿಸುವ ಮಾರ್ಕರ್ ಇಟ್ಟು, ಉಸಿರು ಬಿಟ್ಟು, ಸರಪಳಿಯ ಒಂದೇ ಒಂದು ಕೊಂಡಿಯ ಮೇಲೆ ಕಣ್ಣು ನೆಟ್ಟು ಎಸೆಯುವುದು, ತಪ್ಪಿದರೆ ಅದು ಹೋಗಿ ಬಿದ್ದ ಕಡೆಯಿಂದಲೇ ಮತ್ತೆ ಹಾಕಿ ಮುಗಿಸುವುದು. ದಿನಕ್ಕೆ ಇಂಥ ಮೂವತ್ತು ಎಸೆತಗಳು ಮೊದಲಿನ ಇನ್ನೂರಕ್ಕಿಂತ ಹೆಚ್ಚು ಆಯಾಸ ತರುತ್ತಿದ್ದವು, ಹೆಚ್ಚು ಕಲಿಸುತ್ತಿದ್ದವು.

ಬಾಸ್ಕೆಟ್ ಸುತ್ತಲಿನ ಹತ್ತು ಮೀಟರ್ ವೃತ್ತದ ಒಂದು ಕಟ್ಟಳೆ ನನಗೆ ನಾಲ್ಕನೇ ಸ್ಪರ್ಧೆಯಲ್ಲಿ ಕಹಿಯಾಗಿ ಪರಿಚಯವಾಯಿತು. ವೃತ್ತದೊಳಗಿನಿಂದ ಪಟ್ ಮಾಡಿದವನು ತನ್ನ ಸಮತೋಲನ ಪೂರ್ತಿ ಹಿಡಿತದಲ್ಲಿದೆ ಎಂದು ತೋರಿಸಿದ ಮೇಲಷ್ಟೇ ಬಾಸ್ಕೆಟ್‌ನತ್ತ ಹೆಜ್ಜೆ ಇಡಬೇಕು, ಇಲ್ಲವಾದರೆ ಒಂದು ದಂಡದ ಎಸೆತ. ಒಂಬತ್ತು ಮೀಟರಿನಿಂದ ಹಾಕಿದ ಪಟ್ ಸರಪಳಿಗೆ ತಾಗಿ ಒಳಗೆ ಬಿದ್ದದ್ದನ್ನು ಕಂಡ ಸಂತೋಷದಲ್ಲಿ ನಾನು ಮಾರ್ಕರ್ ದಾಟಿ ಮುಂದಕ್ಕೆ ನುಗ್ಗಿದ್ದೆ. ಗುಂಪಿನ ಯುವತಿಯೊಬ್ಬರು ತುಂಬ ಸಂಕೋಚದಿಂದ, "ಕ್ಷಮಿಸಿ, ನೀವು ನಿಲ್ಲಲಿಲ್ಲ" ಎಂದರು. ಇನ್ನೊಬ್ಬರು ಹೌದೆಂದು ತಲೆಯಾಡಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಸಿಟ್ಟು ಎರಡು ಹೋಲ್‌ಗಳ ತನಕ ಇಳಿಯಲಿಲ್ಲ, ಆ ಸಿಟ್ಟಿಗೆ ಇನ್ನೂ ಎರಡು ಎಸೆತಗಳನ್ನು ತೆತ್ತೆ. ಈ ಆಟದ ಸಾಮಾನ್ಯ ಸ್ಪರ್ಧೆಗಳಲ್ಲಿ ಪ್ರತಿ ಗುಂಪಿನ ಹಿಂದೆ ತೀರ್ಪುಗಾರರು ಇರುವುದಿಲ್ಲ. ಜೊತೆಯಲ್ಲಿ ಆಡುವವರೇ ನಿಯಮವನ್ನು ಹೇಳಬೇಕು. ನಿಯಮ ಪುಸ್ತಕವನ್ನು ಆಮೂಲಾಗ್ರವಾಗಿ ಓದಿದ್ದು ಅದಾದ ಮೇಲೆ, ಓದಬೇಕಾಗಿದ್ದದ್ದು ಮೊದಲು.

ಕಳೆದುಹೋದ ಡಿಸ್ಕ್ ಹುಡುಕಲು ಮೂರೇ ನಿಮಿಷ, ಸಿಗದಿದ್ದರೆ ಒಂದು ದಂಡದ ಎಸೆತದೊಂದಿಗೆ ಹಿಂದಿನ ಜಾಗಕ್ಕೇ ಮರಳಿ ಎಸೆಯಬೇಕು ಎಂಬುದನ್ನು ಓದಿದ ದಿನವೇ ನನ್ನ ಕಡುಹಸಿರು ಬಣ್ಣದ ಡಿಸ್ಕ್‌ಗಳನ್ನೆಲ್ಲ ಕೊಟ್ಟು ಹಾಕಿದೆ.

ವರ್ಷದ ನಡುವೆ ಮೊಣಕೈ ನೋವು ಬಂತು. ಬ್ಯಾಕ್‌ಹ್ಯಾಂಡ್ ಒಂದನ್ನೇ ನಂಬಬಾರದೆಂದು ಫೋರ್‌ಹ್ಯಾಂಡ್ ಕಲಿಯತೊಡಗಿ, ಒಂದೇ ವಾರದಲ್ಲಿ ಮೈ ಬಿಸಿ ಮಾಡಿಕೊಳ್ಳದೆ, ಸೊಂಟ ಮತ್ತು ಭುಜಗಳನ್ನು ಬಳಸದೆ, ಬರೀ ಕೈಯಿಂದ ನೂರಾರು ಸಲ ಎಸೆದಿದ್ದೆ. ಐದು ವಾರ ದೂರದ ಎಸೆತಗಳನ್ನು ಬಿಡಬೇಕಾಯಿತು. ಆ ಐದು ವಾರ ಪಟ್ ಮಾತ್ರ ಆಡಿದ್ದರಿಂದ ಪುಸ್ತಕದಲ್ಲಿ ಕೈತಪ್ಪಿದ ಪಟ್‌ಗಳ ಲೆಕ್ಕ ಇಳಿಯಿತು ಎಂಬುದು ನೋವಿನ ನಡುವಿನ ಲಾಭ, ಆದರೂ ಇಂಥ ದಾರಿಯನ್ನು ನಾನು ಯಾರಿಗೂ ಹೇಳಲಾರೆ.

ಪಿಡಿಜಿಎ ಪ್ರತಿ ಸುತ್ತಿಗೂ ಒಂದು ರೇಟಿಂಗ್ ಕೊಡುತ್ತದೆ. ಆ ಅಂಕಣದಲ್ಲಿ ನುರಿತ ಆಟಗಾರನಿಂದ ನಿರೀಕ್ಷಿಸುವ ಆಟಕ್ಕೆ 1000. ಅಲ್ಲಿಂದ ಒಂದೊಂದು ಎಸೆತ ಹೆಚ್ಚಾದಂತೆ ಸಾಮಾನ್ಯ ಉದ್ದದ ಅಂಕಣಗಳಲ್ಲಿ ಸುಮಾರು ಹತ್ತು ಅಂಕ ಇಳಿಯುತ್ತದೆ. ನನ್ನ ಮೊದಲ ಸುತ್ತಿನದು 700ರ ಆಸುಪಾಸಿನಲ್ಲಿತ್ತು. ಈ ಸಂಖ್ಯೆಯನ್ನು ದಿನಕ್ಕೆ ಮೂರು ಸಲ ನೋಡುವ ಚಟ ಕೆಲವು ತಿಂಗಳು ನನಗೂ ಅಂಟಿತ್ತು. ಅದು ನಾನು ಎಲ್ಲಿದ್ದೇನೆ ಎಂಬುದನ್ನು ಹೇಳುತ್ತಿತ್ತೇ ಹೊರತು ಏನು ಮಾಡಬೇಕೆಂಬುದನ್ನು ಹೇಳುತ್ತಿರಲಿಲ್ಲ. ಅದನ್ನು ಹೇಳುತ್ತಿದ್ದದ್ದು ನನ್ನ ಪುಸ್ತಕ.

ಹನ್ನೊಂದು ತಿಂಗಳ ನಂತರ ಅದೇ ಅಂಕಣದಲ್ಲಿ ವರ್ಷದ ಕೊನೆಯ ಸ್ಪರ್ಧೆ ಇತ್ತು. ಈ ಸಲ ನನ್ನ ಗುಂಪು 14ನೇ ಹೋಲ್‌ನಿಂದ ಹೊರಡಬೇಕಾಗಿತ್ತು, ನಾನು ಇಪ್ಪತ್ತು ನಿಮಿಷ ಮೊದಲೇ ಅಲ್ಲಿ ನಿಂತಿದ್ದೆ. ಸುತ್ತು ಮುಗಿದಾಗ 66. ಪಾರ್‌ಗಿಂತ ಹತ್ತು ಹೆಚ್ಚು. ಸಂಜೆ ಪುಸ್ತಕ ತೆಗೆದು ಬರೆದೆ: ಪಟ್ 4, ಗಡಿ 1, ದುರಾಸೆ 1. ಉಳಿದ 4 ಎಸೆತಗಳು ತಪ್ಪುಗಳ ಯಾವ ತಲೆಬರಹಕ್ಕೂ ಹೊಂದಲಿಲ್ಲ. ಆ ನಾಲ್ಕು ಹೋಲ್‌ಗಳಲ್ಲಿ ನಾನು ನೇರವಾಗಿ ಎಸೆದಿದ್ದೆ, ಸರಿಯಾದ ದಾರಿಯನ್ನೇ ಆರಿಸಿದ್ದೆ, ಆದರೆ ನನ್ನ ಅತ್ಯುತ್ತಮ ಎಸೆತವೂ 85 ಮೀಟರ್ ದಾಟುತ್ತಿರಲಿಲ್ಲವಾದ್ದರಿಂದ ಒಂದು ಎಸೆತ ಹೆಚ್ಚು ಬೇಕಾಗಿತ್ತು. ಎಂದರೆ, ವರ್ಷದ ಹಿಂದೆ ತಪ್ಪಾಗಿ ಊಹಿಸಿದ್ದ ದೂರದ ಕೊರತೆ ಈಗ ನಿಜವಾಗಿಯೂ ನನ್ನ ಕೊರತೆಯಾಗಿದೆ. ಮುಂದಿನ ಸ್ಪರ್ಧೆಗೆ ಒಂದು ಮೆಟ್ಟಿಲು ಮೇಲಿನ ಎಂಎ3ರಲ್ಲಿ ಹೆಸರು ಕೊಟ್ಟಿದ್ದೇನೆ. ಮೂರು ತಿಂಗಳು ಮನೆಯಲ್ಲಿದ್ದ ಡ್ರೈವರ್ ಮತ್ತೆ ಚೀಲದಲ್ಲಿದೆ, ಬೆಳಿಗ್ಗೆ ಬಯಲಿಗೆ ಹೋಗುವಾಗ ಅಳತೆಯ ಪಟ್ಟಿಯೂ ಜೊತೆಗಿರುತ್ತದೆ.